ಬಿದ್ದು ಎದ್ದ ದೇವಾಲಯ: ಮಂಗಳೂರಿನ ಜಪಮಾಲೆ ಮಾತೆಯ ಪ್ರಧಾನಾಲಯ



ಅಕ್ಟೋಬರ್ ತಿಂಗಳು ಬಂತೆಂದರೆ ಗೂಡಿನಲ್ಲಿ ತೂಗುಹಾಕಿದ ಜಪಸರ ಮತ್ತೆ ನಮ್ಮ ಕೈಗೆ ಬರುತ್ತದೆ. ಈ ತಿಂಗಳ 7ರಂದು ಧರ್ಮಸಭೆಯು ಜಪಮಾಲೆ ಮಾತೆಯ ಹಬ್ಬವನ್ನು ಆಚರಿಸುತ್ತದೆ. 1571ರ ಅಕ್ಟೋಬರ್ 7ರಂದು ನಡೆದ ಲೆಪಾಂಟೋ ಕದನದ ನೆನಪಿಗಾಗಿ ಜಗದ್ಗುರು ಐದನೆಯ ಪಯಸ್ ಈ ಹಬ್ಬವನ್ನು ಆರಂಭಿಸಿದರು ಎಂಬುದನ್ನು ನೀವು ಧರ್ಮೋಪದೇಶದ ತರಗತಿಯಲ್ಲಿಯೇ ಕೇಳಿದ್ದೀರಿ. ಆ ಕದನಕ್ಕೂ ಮೂರು ವರ್ಷ ಮೊದಲೇ, 1568ರಲ್ಲಿ, ನಮ್ಮ ಕರ್ನಾಟಕದ ಕಡಲ ತೀರದಲ್ಲಿ ಜಪಮಾಲೆ ಮಾತೆಯ ಹೆಸರಿನಲ್ಲಿ ಒಂದು ದೇವಾಲಯ ಎದ್ದಿತ್ತು. ಅದೇ ಮಂಗಳೂರಿನ ರೊಸಾರಿಯೊ ಪ್ರಧಾನಾಲಯ. ಈ ಸಲದ ಹಬ್ಬಕ್ಕೆ ಆ ದೇವಾಲಯದ ಚರಿತ್ರೆಯನ್ನೇ ನಿಮ್ಮ ಮುಂದೆ ಇಡಲು ನಾವು ಇಚ್ಛಿಸುತ್ತೇವೆ.

ತೆಂಗಿನ ತೋಟಗಳ ನಡುವೆ ಇರುವ ನಮಗೆ ಬಂದರಿನ ಚರ್ಚಿನ ಕಥೆ ಯಾಕೆ ಎಂದು ಕೇಳುವಿರಿ. ಅದಕ್ಕೊಂದು ಕಾರಣವಿದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಚದುರಿಹೋಗಿರುವ ನಮ್ಮ ಕುಟುಂಬಗಳು ಹೆಚ್ಚೇನಿಲ್ಲ. ಭಾನುವಾರದ ಬಲಿಪೂಜೆಗೆ ನಾವು ಕೂಡುವ ಪ್ರಾರ್ಥನಾಲಯ ಹಳೆಯದು. ಮಣ್ಣಿನ ಗೋಡೆ, ಮಂಗಳೂರು ಹೆಂಚಿನ ಮಾಡು. ಇಂದಿನ ಅಜ್ಜ ಅಜ್ಜಿಯರು ಎಳೆಯರಾಗಿದ್ದಾಗ ತಲೆಯ ಮೇಲೆ ಮಣ್ಣು ಹೊತ್ತು ಕಟ್ಟಿದ ಗೋಡೆಗಳವು. ಈಗ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಮಳೆಗಾಲದಲ್ಲಿ ಸೋರುತ್ತದೆ, ಹಬ್ಬದ ದಿನ ಅರ್ಧ ಜನ ಹೊರಗೆ ನಿಲ್ಲಬೇಕು. 2023ರಲ್ಲಿ ಉಂಡೆ ಕೊಬ್ಬರಿಯ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ ಯಾರೂ ಹೊಸ ಕಟ್ಟಡದ ಮಾತೆತ್ತಲಿಲ್ಲ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿದ ಮೇಲೆ ನಮ್ಮ ಯುವಕರು, "ಫಾದರ್, ಕೈಯಲ್ಲಿ ನಾಲ್ಕು ಕಾಸು ಇರುವಾಗಲೇ ಹಳೆಯದನ್ನು ಕೆಡವಿ ಗುಮ್ಮಟ ಇರುವ ಹೊಸ ಚರ್ಚ್ ಕಟ್ಟಿಬಿಡೋಣ" ಎಂದರು. ಹಿರಿಯರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಒಂದು ಭಾನುವಾರ ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ ಈ ಕಡೆಯವರು ಆ ಕಡೆಗೆ ತಿರುಗದೆ ನಿಂತದ್ದನ್ನು ನಾವು ಪೀಠದಿಂದಲೇ ಕಂಡೆವು. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಆಗ ಹೊಳೆದದ್ದು ಮಂಗಳೂರಿನ ಯಾತ್ರೆ. ಬೇಸಿಗೆ ರಜೆಯಲ್ಲಿ ಒಂದು ಬಸ್ಸು ಗೊತ್ತುಮಾಡಿಕೊಂಡು, ಎರಡೂ ಕಡೆಯವರನ್ನು ಒಂದೇ ಬಸ್ಸಿನಲ್ಲಿ ಕೂರಿಸಿಕೊಂಡು ಹೊರಟೆವು. ದಾರಿ ಹುಡುಕುವ ಕಷ್ಟವೇನಿರಲಿಲ್ಲ. ತಿಪಟೂರಿನ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 73 ತುಮಕೂರಿನಿಂದ ಹೊರಟು ಅರಸೀಕೆರೆ, ಬಾಣಾವರ, ಬೇಲೂರು, ಮೂಡಿಗೆರೆ ದಾಟಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಲ್ಲಿಯೇ ಮುಗಿಯುತ್ತದೆ. ದಿನವೂ ನಾವು ತರಕಾರಿ ತರಲು ಹೋಗುವ ರಸ್ತೆಯ ಕೊನೆ ಆ ಕಡಲೇ.

ಕೋಟೆಯೊಳಗೆ ಹುಟ್ಟಿದ ಚರ್ಚ್

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲು ಸೇರುವ ಜಾಗದಲ್ಲಿ ಮಂಗಳೂರಿನ ಹಳೆಯ ಬಂದರು ಇದೆ. ಇಂದಿನ ದೊಡ್ಡ ಹಡಗುಗಳು ಬರುವುದು ಉತ್ತರಕ್ಕಿರುವ ಪಣಂಬೂರಿನ ಹೊಸ ಬಂದರಿಗೆ. ಆದರೆ ಶತಮಾನಗಳ ಕಾಲ ಮೆಣಸು, ಅಕ್ಕಿ ತುಂಬಿದ ಹಡಗುಗಳು ಹೊರಟದ್ದು ಈ ಹಳೆಯ ದಕ್ಕೆಯಿಂದ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ರೊಸಾರಿಯೊ ಪ್ರಧಾನಾಲಯವಿದೆ. ಊರಿಗೆ ಹೆಸರು ಕೊಟ್ಟ ಮಂಗಳಾದೇವಿಯ ದೇವಸ್ಥಾನವೂ ಅಲ್ಲಿಗೆ ದೂರವಲ್ಲ.

1568ರಲ್ಲಿ ಪೋರ್ಚುಗೀಸರು ಈ ಬಂದರನ್ನು ಗೆದ್ದು, ಸಂತ ಸೆಬಾಸ್ಟಿಯನರ ಹೆಸರಿನ ಕೋಟೆಯನ್ನು ಕಟ್ಟಿಸಿದರು. ಜಪಮಾಲೆ ಮಾತೆಯ ಚರ್ಚ್ ಹುಟ್ಟಿದ್ದು ಆ ಕೋಟೆಯ ಒಳಗೆ. ಕೆನರಾ ಸೀಮೆಯ ಮೊದಲ ಧರ್ಮಕೇಂದ್ರ ಇದೆಂದು ಮಂಗಳೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜ್ಯವನ್ನು ಸುತ್ತಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಮಂಗಳೂರಿನಲ್ಲಿ ಮೂರು ಚರ್ಚುಗಳನ್ನು ಕಂಡದ್ದಾಗಿ ಬರೆದಿದ್ದಾನೆ. ಕೋಟೆಯೊಳಗಿನ ಜಪಮಾಲೆ ಮಾತೆಯ ಚರ್ಚ್ ಅವುಗಳಲ್ಲಿ ಒಂದು.

ಪ್ರಿಯರೇ, ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡಬಾರದು. ಶಿಲುಬೆಯು ಕೋವಿಯ ನೆರಳಲ್ಲಿ ನಿಂತ ಕಾಲವದು. ಕೋಟೆ ಕಟ್ಟಿದವರಿಗೆ ಮೆಣಸಿನ ವ್ಯಾಪಾರದ ಲೆಕ್ಕವಿತ್ತು. ಪೀಠದ ಮುಂದೆ ಮೊಣಕಾಲೂರಿದ ಸಾಮಾನ್ಯ ಜನರಿಗೆ ಆ ಲೆಕ್ಕ ಗೊತ್ತಿರಲಿಲ್ಲ. 17ನೆಯ ಶತಮಾನದ ನಡುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಸಿದುಕೊಂಡ. ಕೋಟೆಯ ಬಲ ಹೋಯಿತು. ಕ್ರೈಸ್ತರು ಮಾತ್ರ ಹೋಗಲಿಲ್ಲ. ಗೋವೆಯಿಂದ ಬಂದ ಕೊಂಕಣಿ ಕುಟುಂಬಗಳು ಇಲ್ಲಿ ಗದ್ದೆ ಮಾಡಿಕೊಂಡು ನೆಲೆಯೂರಿದ್ದವು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, 1678ರಲ್ಲಿ ಆದ ಒಪ್ಪಂದದಂತೆ ಕರಾವಳಿಯ ಹಲವು ಕಡೆ ಚರ್ಚ್ ಕಟ್ಟಿಕೊಳ್ಳಲು ಅನುಮತಿ ದೊರೆಯಿತು. ಅನ್ಯಧರ್ಮದ ಅರಸರ ಉದಾರತೆಯಲ್ಲಿ ನಮ್ಮ ಹಿರಿಯರ ವಿಶ್ವಾಸ ಬೆಳೆದದ್ದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಘಟ್ಟ ಹತ್ತಿದ ಜನ

1763ರಲ್ಲಿ ಕೆಳದಿ ರಾಜ್ಯ ಹೈದರಾಲಿಯ ಪಾಲಾಯಿತು. ಮುಂದೆ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಯುದ್ಧದಲ್ಲಿ ಮಂಗಳೂರು ಕೈಯಿಂದ ಕೈಗೆ ಹೋಯಿತು. ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಸುಲ್ತಾನನು 1784ರ ಫೆಬ್ರವರಿಯಲ್ಲಿ ಅವರನ್ನು ಸೆರೆಹಿಡಿಸಿದ. ಅದು ತಪಸ್ಸು ಕಾಲದ ಹೊಸ್ತಿಲು. ವಿಭೂತಿ ಬುಧವಾರದಂದೇ ಎಂದು ಮಂಗಳೂರಿನ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಸೆರೆಯಾದವರ ಸಂಖ್ಯೆಯನ್ನು ಆ ಕಾಲದವರೂ ಇತಿಹಾಸಕಾರರೂ 30,000ದಿಂದ 80,000ದವರೆಗೆ ಬೇರೆ ಬೇರೆಯಾಗಿ ಅಂದಾಜು ಮಾಡಿದ್ದಾರೆ. ಮುದುಕರು, ಬಸುರಿಯರು, ಮಕ್ಕಳು ಎನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲಿ ಎಷ್ಟೋ ಜನ ಸತ್ತರು.

ಹಿಂದೆ ಉಳಿದ ಚರ್ಚುಗಳನ್ನು ಕೆಡವಲಾಯಿತು. ಅವು 27 ಎಂದು ಮಂಗಳೂರಿನ ಚರಿತ್ರೆ ಬರೆದವರು ಎಣಿಸಿದ್ದಾರೆ. ರೊಸಾರಿಯೊ ಚರ್ಚೂ ಉಳಿಯಲಿಲ್ಲ. ಮೂಡುಬಿದಿರೆ ಸೀಮೆಯ ಒಂದು ಚರ್ಚ್ ಮಾತ್ರ ಅಲ್ಲಿಯ ಜೈನ ಅರಸರಾದ ಚೌಟರ ಆಸರೆಯಿಂದ ಉಳಿಯಿತೆಂಬುದು ಪರಂಪರೆಯ ಮಾತು. ನೆರೆಯವನೊಬ್ಬ ಅಡ್ಡ ನಿಂತರೆ ಎಷ್ಟು ಉಳಿಯುತ್ತದೆ ನೋಡಿ.

ಈ ಕಥೆಯನ್ನು ಹೇಳುವಾಗ ನಾವು ಎಚ್ಚರದಿಂದಿರಬೇಕು. ಅರಸರ ಯುದ್ಧದ ಲೆಕ್ಕವನ್ನು ಇಂದಿನ ನೆರೆಹೊರೆಯವರ ಮೇಲೆ ಹಾಕುವುದು ಯೇಸುಸ್ವಾಮಿಯ ಶಿಷ್ಯರಿಗೆ ತಕ್ಕದ್ದಲ್ಲ. ಸಂತೆಯಲ್ಲಿ ನಮ್ಮ ಪಕ್ಕದಲ್ಲಿ ಕಾಯಿ ಹರವಿಕೊಂಡು ಕುಳಿತ ಮುಸ್ಲಿಂ ಸಹೋದರನು 1784ಕ್ಕೆ ಉತ್ತರ ಹೇಳಬೇಕಾಗಿಲ್ಲ. ಆ ಜನ ಪಟ್ಟ ಕಷ್ಟವನ್ನು ಮರೆಯುವುದೂ ಸರಿಯಲ್ಲ. ಎರಡನ್ನೂ ಒಟ್ಟಿಗೆ ಹಿಡಿಯುವುದೇ ಕ್ರೈಸ್ತರ ನೆನಪು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಹದಿನೈದು ವರ್ಷ ಸೆರೆಯಲ್ಲಿ ಕಳೆದವರಲ್ಲಿ ಬದುಕುಳಿದವರು ಬಿಡುಗಡೆ ಹೊಂದಿ, ಬಹುಮಂದಿ ಕರಾವಳಿಗೆ ಮರಳಿದರು. ಮೈಸೂರು ಸೀಮೆಯಲ್ಲಿ ಉಳಿದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದ್ಯುಬುವಾ. ಸೆರೆಯ ಕಾಲದಲ್ಲಿ ಜನರ ಬಳಿ ಚರ್ಚ್ ಇರಲಿಲ್ಲ, ಪೀಠ ಇರಲಿಲ್ಲ. ಹೀಗಿದ್ದೂ ಮರಳಿ ಬಂದವರಿಗೆ ತಾವು ಯಾರೆಂಬುದು ಮರೆತಿರಲಿಲ್ಲ. ಕೈಬೆರಳುಗಳ ಮೇಲೆ ಎಣಿಸಿಕೊಂಡು ಹೇಳಬಹುದಾದ ಪ್ರಾರ್ಥನೆಗೆ ಗೋಡೆ ಬೇಕಿಲ್ಲ, ಮಾಡು ಬೇಕಿಲ್ಲ. ಹಾಗಾಗಿಯೇ ಜಪಮಾಲೆಯು ಕಷ್ಟದಲ್ಲಿರುವವರ ಪ್ರಾರ್ಥನೆ.

1813ರ ಇಗರ್ಜಿ

ಅದೇ ಹೊತ್ತಿನಲ್ಲಿ ಸ್ಕಾಟ್ಲೆಂಡಿನ ವೈದ್ಯನೊಬ್ಬ ಈ ನಾಡಿನ ಮೇಲೆ ಸಂಚರಿಸುತ್ತಿದ್ದ. ಅವನೇ ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಅವನು ನಮ್ಮ ಚಿಕ್ಕನಾಯಕನಹಳ್ಳಿ, ತುರುವೇಕೆರೆಯ ಕಡೆ ಹಾದುಹೋದ, ಇಲ್ಲಿಯ ತೆಂಗಿನ ತೋಟಗಳ ಬೇಸಾಯವನ್ನು ಬರೆದುಕೊಂಡ. 1801ರ ಆರಂಭದಲ್ಲಿ ಮಂಗಳೂರಿನ ಸೀಮೆಗೆ ತಲುಪಿ, ಸೆರೆಯಿಂದ ಮರಳಿದ ಕ್ರೈಸ್ತರ ಸಂಗತಿಯನ್ನೂ ಬರೆದುಕೊಂಡ. ಅಂದಿನ ಮಂಗಳೂರಿನವರಿಗೂ ನಮ್ಮ ಊರಿನವರಿಗೂ ಪರಿಚಯವಿರಲಿಲ್ಲ. ಒಬ್ಬನೇ ಪ್ರವಾಸಿಯ ಪುಸ್ತಕದಲ್ಲಿ ಮಾತ್ರ ನಾವಿಬ್ಬರೂ ಒಟ್ಟಿಗೆ ಸಿಗುತ್ತೇವೆ.

ಮರಳಿದವರು ಮೊದಲು ಏನು ಮಾಡಿರಬೇಕು? ಹಾಳುಬಿದ್ದ ಗದ್ದೆಯನ್ನು ಹದಮಾಡಿರಬೇಕು, ಮನೆಗೆ ಮಾಡು ಹೊದಿಸಿರಬೇಕು, ಕಳೆದುಹೋದ ನೆಂಟರನ್ನು ಹುಡುಕಿರಬೇಕು. ರೊಸಾರಿಯೊ ಚರ್ಚ್ ಮತ್ತೆ ಎದ್ದದ್ದು 1813ರಲ್ಲಿ. ಬಿಡುಗಡೆಯಾಗಿ 14 ವರ್ಷ, ಹಳೆಯದು ಬಿದ್ದು 29 ವರ್ಷ. ಈ ಸಲ ಸುತ್ತ ಪೋರ್ಚುಗೀಸರ ಕೋಟೆ ಇರಲಿಲ್ಲ. ಸೋತು ಸುಣ್ಣವಾಗಿದ್ದ ಒಂದು ಜನ ತಮ್ಮ ಶಕ್ತಿಗೆ ತಕ್ಕಂತೆ ಕಟ್ಟಿಕೊಂಡ ದೇವಾಲಯವದು. 19ನೆಯ ಶತಮಾನದ ನಡುವಿನಲ್ಲಿ, ಕಾರ್ಮೆಲ್ ಸಭೆಯ ಧರ್ಮಾಧ್ಯಕ್ಷರ ಕಾಲದಲ್ಲಿ, ಈ ಇಗರ್ಜಿಯೇ ಪ್ರಧಾನಾಲಯವಾಯಿತು. ಅಂದರೆ ಧರ್ಮಾಧ್ಯಕ್ಷರ ಪೀಠ ಅಲ್ಲಿ ಸ್ಥಾಪನೆಯಾಯಿತು.

1886ರಲ್ಲಿ ಜಗದ್ಗುರು ಹದಿಮೂರನೆಯ ಲಿಯೊ ಭಾರತದಲ್ಲಿ ಧರ್ಮಕ್ಷೇತ್ರಗಳ ವ್ಯವಸ್ಥೆಯನ್ನು ಸ್ಥಾಪಿಸಿದಾಗ ಮಂಗಳೂರು ಧರ್ಮಕ್ಷೇತ್ರವಾಯಿತು. ಅಂದೇ ಮೈಸೂರು ಕೂಡ ಧರ್ಮಕ್ಷೇತ್ರವಾಯಿತು. ನಮ್ಮ ತುಮಕೂರು ಸೀಮೆ ಆಗ ಮೈಸೂರಿಗೆ ಸೇರಿತ್ತು; 1940ರಲ್ಲಿ ಬೆಂಗಳೂರು ಬೇರೆಯಾದ ಮೇಲೆ ನಾವು ಬೆಂಗಳೂರಿನವರಾದೆವು. ಹೀಗೆ ನೋಡಿದರೆ ಕಡಲಿನವರೂ ಬಯಲಿನವರೂ ಒಂದೇ ಪತ್ರದಿಂದ ಹುಟ್ಟಿದ ಅಕ್ಕತಂಗಿಯರು.

ಗುಮ್ಮಟ ಎದ್ದದ್ದು

1878ರ ಡಿಸೆಂಬರ್ 31ರಂದು ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಫಾದರ್ ಮುಲ್ಲರ್ ರೋಗಿಗಳಿಗೆ ಹೋಮಿಯೊಪತಿ ಔಷಧಿ ಕೊಡತೊಡಗಿದರು. ಬ್ರದರ್ ಆಂತೋನಿಯೊ ಮೊಸ್ಕೇನಿ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಸೂರುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಇದೇ ಸಭೆಯ ಫಾದರ್ ದಿಯಾಮಂತಿಯವರ ಮಾರ್ಗದರ್ಶನದಲ್ಲಿ 1910ರಲ್ಲಿ 1813ರ ಹಳೆಯ ಇಗರ್ಜಿಯನ್ನು ಕೆಡವಿ ಇಂದಿನ ಪ್ರಧಾನಾಲಯದ ಕೆಲಸವನ್ನು ಆರಂಭಿಸಲಾಯಿತು.

ಇದರ ಶೈಲಿಯನ್ನು ಅರಿಯಲು ನೀವು ಕಂಡಿರುವ ಎರಡು ಕಟ್ಟಡಗಳನ್ನು ನೆನಪಿಸಿಕೊಳ್ಳಿ. ಒಂದು ಮೈಸೂರಿನ ಸಂತ ಫಿಲೋಮಿನಾ ದೇವಾಲಯ. ಅದು ಗೋಥಿಕ್ ಮಾದರಿ. ಅಲ್ಲಿ ಕಮಾನುಗಳ ತುದಿ ಮೊನಚು, ಗೋಪುರಗಳೂ ಮೊನಚು, ಎಲ್ಲವೂ ಕಣ್ಣನ್ನು ಮೇಲಕ್ಕೆ ಎಳೆಯುತ್ತದೆ. ಇನ್ನೊಂದು ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಅಠಾರ ಕಚೇರಿ, ಅಂದರೆ ಹೈಕೋರ್ಟಿನ ಕೆಂಪು ಕಟ್ಟಡ. ಅಲ್ಲಿ ಸಾಲುಗಂಬಗಳು, ಅಳತೆಗೆ ತಕ್ಕ ಸಮತೋಲ, ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಪ್ರಾಚೀನ ಗ್ರೀಕರು ಮತ್ತು ರೋಮನರು ಕಟ್ಟುತ್ತಿದ್ದ ಈ ರೀತಿಯನ್ನು ಯುರೋಪಿನವರು 18ನೆಯ ಶತಮಾನದಲ್ಲಿ ಮತ್ತೆ ಕೈಗೆತ್ತಿಕೊಂಡರು. ಅದನ್ನೇ ನವಶಾಸ್ತ್ರೀಯ ಶೈಲಿ ಎನ್ನುತ್ತಾರೆ. ಅರ್ಧಚಂದ್ರದಂತೆ ಗುಂಡಾದ ಕಮಾನು, ಗಟ್ಟಿ ಕಂಬ, ಗುಮ್ಮಟ ಇದರ ಗುರುತುಗಳು. ಮಂಗಳೂರಿನ ಪ್ರಧಾನಾಲಯ ಈ ಬಳಗಕ್ಕೆ ಸೇರಿದ್ದು.

ಗುಮ್ಮಟವನ್ನು ನಿಲ್ಲಿಸುವುದು ಸುಲಭದ ಕೆಲಸವಲ್ಲ. ಬೋರಲು ಹಾಕಿದ ಬೋಗುಣಿಯಂತೆ ಕಂಡರೂ ಅದರ ಭಾರ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ಕೆಳಗಿನ ಗೋಡೆ ಕಂಬಗಳು ಆ ನೂಕನ್ನು ತಡೆದು ಭಾರವನ್ನು ನೆಲಕ್ಕೆ ಇಳಿಸಬೇಕು. ಒಂದು ಕಂಬ ಜಗ್ಗಿದರೆ ಇಡೀ ಗುಮ್ಮಟಕ್ಕೆ ಬಿರುಕು. ಎಲ್ಲ ಕಂಬಗಳೂ ಒಟ್ಟಿಗೆ ಹೊತ್ತರೆ ಮಾತ್ರ ನಡುವೆ ಯಾವ ಆಸರೆಯೂ ಇಲ್ಲದೆ ಅಷ್ಟು ದೊಡ್ಡ ಬಯಲು ದೊರೆಯುತ್ತದೆ. ಇಟಲಿಯಿಂದ ಬಂದ ಗುರುಗಳ ಕಣ್ಣಲ್ಲಿ ರೋಮಿನ ಸಂತ ಪೇತ್ರರ ಮಹಾದೇವಾಲಯವೇ ಇದ್ದಿರಬೇಕು. ನಾವು ಆ ಗುಮ್ಮಟದ ಕೆಳಗೆ ನಿಂತು ಕತ್ತೆತ್ತಿ ನೋಡಿದಾಗ, ಜೊತೆಗಿದ್ದ ಒಂದು ಮಗು, "ಫಾದರ್, ಆಕಾಶನೇ ಒಳಗೆ ತಂದಿಟ್ಟವ್ರೆ" ಎಂದಿತು. ಇದಕ್ಕಿಂತ ಚೆನ್ನಾಗಿ ಸೆಮಿನರಿಯಲ್ಲಿಯೂ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಗುಮ್ಮಟದ ತುದಿಯಲ್ಲಿ ಶಿಲುಬೆಯಿದೆ. ರಾತ್ರಿ ಅದಕ್ಕೆ ಬೆಳಕು ಹಚ್ಚಿದರೆ ಮೀನಿಗೆ ಹೋದವರಿಗೂ ದೂರದಿಂದ ದಿಕ್ಕು ತಿಳಿಯುತ್ತಿತ್ತೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ಪ್ರವೇಶದ ಬಳಿ ಇನ್ನೊಂದು ವಸ್ತುವಿದೆ: ಪೋರ್ಚುಗಲ್ ಅರಸರ ಲಾಂಛನವುಳ್ಳ ಹಳೆಯ ಕಲ್ಲು. ಆ ಅರಸರೂ ಇಲ್ಲ, ಅವರ ಕೋಟೆಯೂ ಇಲ್ಲ. ಎರಡು ಸಲ ಮತ್ತೆ ಕಟ್ಟಿದವರು ಆ ಕಲ್ಲನ್ನು ಎಸೆಯದೆ ಇಟ್ಟುಕೊಂಡಿದ್ದಾರೆ. ಸಿಹಿಯೂ ಕಹಿಯೂ ಸೇರಿದ್ದೇ ನಮ್ಮ ಚರಿತ್ರೆ ಎಂದು ಆ ಕಲ್ಲು ಹೇಳುವಂತಿದೆ.

ಮುರಕಲ್ಲು, ಕೊಬ್ಬರಿ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಸೀಮೆಯಲ್ಲಿ ಬೀಳುವುದರ ಐದು ಪಟ್ಟಿನಷ್ಟು. ಆ ಮಳೆಯನ್ನು ತಡೆದು ನಿಲ್ಲುವ ಕಟ್ಟಡಗಳಿಗೆ ಕರಾವಳಿಯವರು ಹಿಂದಿನಿಂದ ಬಳಸುತ್ತ ಬಂದದ್ದು ಕೆಂಪು ಮುರಕಲ್ಲು. ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ನಮ್ಮ ಊರಿನ ಮೇಲೆ ಹಾದುಹೋದ ಅದೇ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ. ಲತೀನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಹೆಸರಿನಿಂದ ಅವನು ಆ ಪದ ಮಾಡಿದ. ಈ ಕಲ್ಲಿನ ಗುಣ ಏನೆಂದರೆ, ನೆಲದಿಂದ ತೆಗೆಯುವಾಗ ಮೆದು, ಕೊಡಲಿಯಿಂದಲೇ ಕಡಿದು ಇಟ್ಟಿಗೆಯಂತೆ ಮಾಡಬಹುದು. ಗಾಳಿ ಬಿಸಿಲಿಗೆ ಇಟ್ಟ ಮೇಲೆ ಅದು ಗಟ್ಟಿಯಾಗುತ್ತ ಹೋಗುತ್ತದೆ. ನಮ್ಮ ತುರುವೇಕೆರೆಯಲ್ಲಿ ಹೊಯ್ಸಳರ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲಿನ ಗುಣವೂ ಇದೇ.

ಇದನ್ನು ನಾವು ಬಸ್ಸಿನಲ್ಲಿ ಮರಳುವಾಗ ವಿವರಿಸುತ್ತಿದ್ದೆವು. ಹಿಂದಿನ ಸೀಟಿನಲ್ಲಿದ್ದ ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿ ನಕ್ಕರು. "ಸ್ವಾಮ್ಯೋರೆ, ಇದು ನಮಗೆ ಗೊತ್ತಿಲ್ವೆ? ಅಟ್ಟಕ್ಕೆ ಹಾಕಿದ ಕಾಯಿನೂ ಹಂಗೇ. ವರ್ಷ ತುಂಬೋ ಮೊದ್ಲು ಒಡೆದ್ರೆ ಅತ್ಲಾಗೆ ಕೊಬ್ಬರಿನೂ ಅಲ್ಲ, ಇತ್ಲಾಗೆ ಕಾಯಿನೂ ಅಲ್ಲ. ಒಳಗಿನ ನೀರು ಇಂಗಬೇಕು. ಅಲ್ಲಾಡಿಸಿದ್ರೆ ಉಂಡೆ ಲೊಟಲೊಟ ಅನ್ಬೇಕು. ಆಮೇಲೆ ಒಡಿ."

ಪ್ರಿಯರೇ, ಮಂಗಳೂರಿನ ಜನರ ಚರಿತ್ರೆಯನ್ನು ಆ ಅಜ್ಜಿ ನಾಲ್ಕು ಮಾತಿನಲ್ಲಿ ಹೇಳಿದ್ದರು. ಉಂಡೆ ಕೊಬ್ಬರಿಯಾಗುವ ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದ ಕತ್ತಲಲ್ಲಿ ಮಲಗಿರುತ್ತದೆ. ಹೊರಗಿನಿಂದ ನೋಡಿದರೆ ಮಟ್ಟೆ ಒಣಗಿದೆ, ಕಾಯಿ ಸತ್ತಂತಿದೆ. ಒಳಗೆ ನೀರು ಇಂಗುತ್ತ ತಿರುಳು ಗಟ್ಟಿಯಾಗಿ, ಕೊನೆಗೆ ಕರಟದಿಂದ ತಾನೇ ಬಿಡಿಸಿಕೊಳ್ಳುತ್ತದೆ. ಹದಿನೈದು ವರ್ಷದ ಸೆರೆ, ಮತ್ತೆ ಹದಿನಾಲ್ಕು ವರ್ಷದ ಬಡತನ. ಅಷ್ಟಾದ ಮೇಲೆ 1813ರ ಇಗರ್ಜಿ. ಅದಾಗಿ 97 ವರ್ಷಗಳ ಮೇಲೆ ಗುಮ್ಮಟ. ಸೆರೆಯಿಂದ ಬಂದ ಮರುವರ್ಷವೇ ಅವರು ಗುಮ್ಮಟಕ್ಕೆ ಕೈಹಾಕಲಿಲ್ಲ. ಹಾಗೆಯೇ ಅಜ್ಜಂದಿರು ಕಟ್ಟಿದ್ದೆಂದು 1813ರ ಗೋಡೆಯನ್ನು ಎಂದೆಂದಿಗೂ ಮುಟ್ಟಬಾರದು ಎಂದೂ ಅವರು ಹೇಳಲಿಲ್ಲ.

ನಮ್ಮ ಮುಂದಿರುವ ಪ್ರಶ್ನೆ

ಇಲ್ಲಿ ನಾವು ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಯಾತ್ರೆಗೆ ಹೊರಡುವಾಗ ಹಳೆಯದನ್ನು ಉಳಿಸಿಕೊಳ್ಳಿ ಎಂಬ ಪಾಠವನ್ನು ಮಂಗಳೂರು ನಮ್ಮ ಯುವಕರಿಗೆ ಕಲಿಸುತ್ತದೆ ಎಂದು ನಾವು ಎಣಿಸಿದ್ದೆವು. ಆದರೆ ಇಂದಿನ ಪ್ರಧಾನಾಲಯ ನಿಂತಿರುವುದೇ ಒಂದು ಹಳೆಯ ಇಗರ್ಜಿಯನ್ನು ಕೆಡವಿದ ಜಾಗದಲ್ಲಿ! ಒಬ್ಬ ಯುವಕ ಅದನ್ನು ನಮಗೇ ಎತ್ತಿ ತೋರಿಸಿದ. "ಫಾದರ್, ಇವರೂ ಕೆಡವಿಯೇ ಕಟ್ಟಿದ್ದಲ್ಲವೇ?" ನಮ್ಮಲ್ಲಿ ತಟ್ಟನೆ ಉತ್ತರವಿರಲಿಲ್ಲ.

ಊರಿಗೆ ಬಂದ ಮೇಲೆ ಪವಿತ್ರ ಗ್ರಂಥದಲ್ಲಿ ಎಜ್ರನ ಪುಸ್ತಕದ ಮೂರನೆಯ ಅಧ್ಯಾಯವನ್ನು ತೆರೆದೆವು. ಬಾಬಿಲೋನಿನ ಸೆರೆಯಿಂದ ಮರಳಿದ ಜನ ಜೆರುಸಲೇಮಿನಲ್ಲಿ ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕುತ್ತಾರೆ. ಎಳೆಯರು ಸಂತೋಷದಿಂದ ಕೂಗುತ್ತಾರೆ. ಹಳೆಯ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಾರೆ. ನಗುವಿನ ದನಿ ಯಾವುದು, ಅಳುವಿನ ದನಿ ಯಾವುದು ಎಂದು ಬೇರೆಮಾಡಲು ಆಗದಷ್ಟು ಅವೆರಡೂ ಬೆರೆತುಹೋದವು ಎಂದು ಅಲ್ಲಿದೆ. ದೇವರು ಅಳುವವರನ್ನು ಗದರಿಸಲಿಲ್ಲ, ನಗುವವರನ್ನೂ ತಡೆಯಲಿಲ್ಲ. 1910ರಲ್ಲಿ ಮಂಗಳೂರಿನಲ್ಲಿಯೂ ಯಾವುದೋ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಿರಲೇಬೇಕು. ಆ ಕಣ್ಣೀರೂ ಗುಮ್ಮಟದ ಸುಣ್ಣದ ಗಾರೆಯಲ್ಲಿ ಸೇರಿದೆ ಎಂದು ನಾವು ನಂಬುತ್ತೇವೆ.

ಆದುದರಿಂದ ಕೆಡವಬೇಕೇ ಬೇಡವೇ ಎಂಬುದು ಎರಡನೆಯ ಪ್ರಶ್ನೆ. ಶಾಂತಿಯ ಹೊತ್ತಿನಲ್ಲಿ ಮುಖ ತಿರುಗಿಸಿದ ನಾವು ಒಂದೇ ಗುಮ್ಮಟವನ್ನು ಹೊರುವ ಕಂಬಗಳಾಗಿದ್ದೇವೆಯೇ ಎಂಬುದು ಮೊದಲನೆಯದು. ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ವಿಶ್ವಾಸಿಗಳನ್ನು ಜೀವಂತ ಕಲ್ಲುಗಳೆಂದು ಕರೆದಿದ್ದಾರೆ. ಗಣಿಯಿಂದ ಆಗತಾನೆ ತೆಗೆದ ಮುರಕಲ್ಲಿನಂತೆ ನಾವಿನ್ನೂ ಮೆದುವಾಗಿರುವಾಗ ಭಾರ ಹೇರಿದರೆ ಪುಡಿಯಾಗುತ್ತೇವೆ.

ಹೀಗಾಗಿ ನಮ್ಮ ಧರ್ಮಕೇಂದ್ರದ ಪಾಲನಾ ಸಭೆಯಲ್ಲಿ ಎಲ್ಲರೂ ಕೂಡಿ ಒಂದು ತೀರ್ಮಾನಕ್ಕೆ ಬಂದೆವು. ಒಂದು ವರ್ಷ, ಅಟ್ಟದ ಕಾಯಿಯಂತೆ, ಕಟ್ಟಡದ ಮಾತನ್ನು ಹಾಗೆಯೇ ಇಡುವುದು. ಅಷ್ಟರೊಳಗೆ ಬಲ್ಲವರಿಂದ ಗೋಡೆಯ ಬಿರುಕನ್ನು ಪರೀಕ್ಷೆ ಮಾಡಿಸುವುದು, ಸೋರುವ ಕಡೆ ಹೆಂಚು ಬದಲಿಸುವುದು, ಸಾಲ ಮಾಡದೆ ಕೂಡುವ ಹಣವೆಷ್ಟು ಎಂದು ನೋಡುವುದು. ಇವೆಲ್ಲಕ್ಕೂ ಮಿಗಿಲಾಗಿ, ಈ ಅಕ್ಟೋಬರ್ 1ರಿಂದ ಪ್ರತಿ ಸಂಜೆ ಒಂದೊಂದು ಮನೆಯಲ್ಲಿ ಎಲ್ಲರೂ ಸೇರಿ ಜಪಮಾಲೆ ಹೇಳುವುದು. ಹೊಸದು ಬೇಕೆಂದವರ ಮನೆಯಲ್ಲಿ ಬೇಡವೆಂದವರು ಜಪಮಾಲೆಯನ್ನು ನಡೆಸಿಕೊಡಬೇಕು, ಬೇಡವೆಂದವರ ಮನೆಯಲ್ಲಿ ಬೇಕೆಂದವರು. ವರ್ಷದ ಕೊನೆಗೆ ಹೊಸದನ್ನೇ ಕಟ್ಟುವುದಾದರೆ, ಹಳೆಯ ಪ್ರಾರ್ಥನಾಲಯದ ಬಾಗಿಲುವಾಡವನ್ನು ತೆಗೆದು ಹೊಸದಕ್ಕೆ ಕೂರಿಸುವುದು. ಈ ಕೊನೆಯ ಮಾತನ್ನು ಸೂಚಿಸಿದವನು ಬಸ್ಸಿನಲ್ಲಿ ನಮ್ಮನ್ನು ಪ್ರಶ್ನಿಸಿದ ಅದೇ ಯುವಕ. ಪೋರ್ಚುಗಲ್ ಲಾಂಛನದ ಕಲ್ಲಿನ ಮುಂದೆ ಅವನು ಬಹಳ ಹೊತ್ತು ನಿಂತಿದ್ದನ್ನು ನಾವು ಗಮನಿಸಿದ್ದೆವು.

ಮೊದಲ ಮನೆ ಆ ಅಜ್ಜಿಯದು. ಅಟ್ಟದ ಕೆಳಗೆ ಚಾಪೆ ಹಾಸಿ, ಮಾತೆಯ ಪಟದ ಮುಂದೆ ಕೊಬ್ಬರಿ ಎಣ್ಣೆಯ ದೀಪ ಹಚ್ಚಿಡುವುದಾಗಿ ಹೇಳಿದ್ದಾರೆ.

ಜಪಸರದಲ್ಲಿ ಮಣಿಗಳು ಬಿಡಿಬಿಡಿ. ಒಂದು ದೊಡ್ಡದು, ಒಂದು ಚಿಕ್ಕದು. ಅವನ್ನು ಜಪಸರ ಮಾಡುವುದು ಒಳಗಿನ ಎಳೆ. ಮಂಗಳೂರಿನ ದೇವಾಲಯ ಬಿದ್ದಾಗಲೂ, ಎದ್ದಾಗಲೂ ಆ ಎಳೆ ಕಡಿಯಲಿಲ್ಲ. ನಮ್ಮಲ್ಲಿಯೂ ಅದು ಕಡಿಯದಂತೆ ಜಪಮಾಲೆಯ ಮಾತೆ ನಮಗಾಗಿ ಪ್ರಾರ್ಥಿಸಲಿ. ಈ ಬರಹವನ್ನು ಓದುವ ಕುಟುಂಬಗಳೂ ಹಬ್ಬದ ದಿನ ನಮ್ಮ ಪುಟ್ಟ ಧರ್ಮಕೇಂದ್ರಕ್ಕಾಗಿ ಒಂದು ರಹಸ್ಯವನ್ನು ಧ್ಯಾನಿಸಿ ಪ್ರಾರ್ಥಿಸಬೇಕೆಂದು ಬೇಡಿಕೊಳ್ಳುತ್ತೇವೆ.

ನಿಮ್ಮೆಲ್ಲರಿಗೂ ಜಪಮಾಲೆ ಮಾತೆಯ ಹಬ್ಬದ ಶುಭಾಶಯಗಳು.